ಮೊಮ್ಮಗಳ ಪಟ್ಟಿಯಲ್ಲಿ ಸತ್ತವನ ಹೆಸರು

ಆ ವರ್ಷ ನಮ್ಮ ಕಾಲುವೆಯಲ್ಲಿ ನೀರು ನಿಂತದ್ದು ನನ್ನಿಂದ. ಮಳೆಯಿಂದಲ್ಲ, ಇಂಜಿನಿಯರರಿಂದಲ್ಲ, ಮೊಮ್ಮಗಳ ಓದಿನಿಂದಂತೂ ಅಲ್ಲ. ಊರಿನಲ್ಲಿ ಈಗಲೂ ಕೆಲವರು, ಓದಿದ ಹುಡುಗಿ ಕಾಗದ ನೋಡಿಕೊಂಡು ಕಾಲುವೆ ಮಾಡಿಸಲು ಹೋಗಿ ಕೆಡಿಸಿದಳು ಅನ್ನುತ್ತಾರೆ. ಕಾಗದ ಸರಿಯಾಗಿಯೇ ಇತ್ತು. ಕಾಗದಕ್ಕೆ ಹೇಳಬೇಕಾಗಿದ್ದ ಒಂದು ಮಾತನ್ನು ನಾನು ಹೇಳಲಿಲ್ಲ. ಆದದ್ದು ಇಷ್ಟೇ.

ಇದು ನೆನಪಿಗೆ ಬಂದದ್ದು ಹೋದ ವಾರ ಆನವಟ್ಟಿಯಲ್ಲಿ. ಜಡೆಯಲ್ಲಿರುವ ಮಗಳ ಮನೆಗೆ ಹೊರಟಿದ್ದೆ, ಅಲ್ಲಿ ಬಸ್ಸು ಬದಲಿಸಬೇಕು. ಮಂಡಿಯೊಂದರ ಮುಂದೆ ಒಬ್ಬಾತ ಶುಂಠಿ ಚೀಲಗಳ ಮೇಲೆ ದಪ್ಪ ಕಪ್ಪು ಮಾರ್ಕರಿನಿಂದ ಹೆಸರು ಬರೆಯುತ್ತಿದ್ದ. ಅದರ ವಾಸನೆ ಮೂಗಿಗೆ ಹೊಡೆಯಿತು. ಸೀಮೆಎಣ್ಣೆಯೂ ಅಲ್ಲ, ಬಣ್ಣದ ವಾಸನೆಯೂ ಅಲ್ಲ, ತಲೆಯೊಳಗೆ ಹೋಗಿ ಕೂರುವಂಥದ್ದು. ಆರು ವಾರ ನನ್ನ ಪಡಸಾಲೆಯಲ್ಲಿ ಇದೇ ವಾಸನೆ ಇತ್ತು. ನಿಂತು ನೋಡುತ್ತಿರುವಾಗಲೇ ಜಡೆ ಬಸ್ಸು ಹೋಯಿತು. ಇನ್ನೊಂದು ಬರುವವರೆಗೆ ಕಟ್ಟೆಯ ಮೇಲೆ ಕೂತು ಆ ಮಳೆಗಾಲವನ್ನು ಮೊದಲಿನಿಂದ ಕೊನೆಯವರೆಗೆ ನೆನೆಸಿಕೊಂಡೆ.

ಚೈತ್ರಾ ನನ್ನ ಮಗಳ ಮಗಳು. ಅವರಪ್ಪ ಸೊರಬ ತಾಲ್ಲೂಕಿನ ಜಡೆಯಲ್ಲಿ ಪಂಪ್‌ಸೆಟ್ ರಿಪೇರಿ ಮಾಡುತ್ತಾನೆ. ಡಿಗ್ರಿ ಮುಗಿದ ಮೇಲೆ ಹುಡುಗಿ ಶಿವಮೊಗ್ಗದಲ್ಲಿ ಎಂಬಿಎ ಸೇರಿದಳು. ಅದರಲ್ಲೂ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಅಂತ ಆರಿಸಿಕೊಂಡಿದ್ದಳು. ನಾನು ನಾಲ್ಕನೇ ಕ್ಲಾಸಿಗೆ ಬಿಟ್ಟವಳು. ಗೊತ್ತಿಲ್ಲದ್ದನ್ನು ಕೇಳಲು ನನಗೆ ನಾಚಿಕೆಯಿಲ್ಲ.

"ಹಂಗಂದ್ರೇನೇ?" ಅಂತ ಕೇಳಿದೆ.

"ಒಂದು ಕೆಲಸಾನ ಹೇಳಿದ ದಿನಕ್ಕೆ, ಹೇಳಿದ ಹಾಗೆ ಮುಗಿಸೋದು ಹೇಗೆ ಅಂತ ಓದೋದು ಅಜ್ಜಿ."

"ಅದಕ್ಕೆ ಎರಡು ವರ್ಷ ಬೇಕೇನು?"

"ಮುಗಿಸದೇ ಇರೋರೇ ಜಾಸ್ತಿ ಅಲ್ವಾ, ಅದಕ್ಕೆ."

ಅದೂ ನಿಜವೇ. ನಮ್ಮೂರ ಶಾಲೆಯ ಪಕ್ಕದಲ್ಲಿ ಸಮುದಾಯ ಭವನದ ಎಂಟು ಕಂಬಗಳು ಎದ್ದು ನಿಂತು ಎಷ್ಟೋ ವರ್ಷವಾಗಿದೆ. ಅವಕ್ಕೆ ಆಡು ಕಟ್ಟುತ್ತಾರೆ.

ಎರಡನೇ ವರ್ಷದ ಕೊನೆಗೆ ಅವಳು ಒಂದು ನಿಜವಾದ ಕೆಲಸವನ್ನು ಜನರನ್ನು ಸೇರಿಸಿ ಮಾಡಿಸಿ ತೋರಿಸಬೇಕಿತ್ತು. ಮುಗಿಯುವ ದಿನವನ್ನು ಮೊದಲೇ ಬರೆದುಕೊಡಬೇಕು. ಆ ದಿನ ಅವಳ ಮೇಷ್ಟ್ರು ಬಂದು ನೋಡುತ್ತಾರೆ. ಆಗದಿದ್ದರೆ ಆ ವಿಷಯ ಫೇಲು, ಮತ್ತೆ ಮುಂದಿನ ವರ್ಷವೇ. ಅಪ್ಪ ಎರಡು ವರ್ಷಕ್ಕೆ ಒಪ್ಪಿದ್ದ, ಮೂರನೆಯದಕ್ಕೆ ಅಲ್ಲ. "ಎರಡರಲ್ಲಿ ಮುಗಿಸಿದ್ರೆ ನಿನ್ನಿಷ್ಟ, ಇಲ್ಲಾಂದ್ರೆ ನನ್ನಿಷ್ಟ" ಅಂದಿದ್ದನಂತೆ. ಅವನ ಇಷ್ಟ ಏನು ಅಂತ ಎಲ್ಲರಿಗೂ ಗೊತ್ತಿತ್ತು. ಹಾನಗಲ್ಲಿನ ಕಡೆಯ ಒಂದು ಮನೆಯವರು ಆಗಲೇ ಎರಡು ಸಲ ಬಂದು ಹೋಗಿದ್ದರು.

ಅವಳು ಆರಿಸಿದ ಕೆಲಸ ನನ್ನ ಬಾಯಿಂದಲೇ ಬಂದದ್ದು. ನಮ್ಮ ಊರು ಶಿಕಾರಿಪುರ ತಾಲ್ಲೂಕು, ಅಂಜನಾಪುರ ಅಣೆಕಟ್ಟಿನ ನೀರು ಉಣ್ಣುವ ಊರು. ದೊಡ್ಡ ಕಾಲುವೆಯಿಂದ ಒಡೆದು ಬರುವ ಒಂದು ಸಣ್ಣ ಕಾಲುವೆ ನಮ್ಮ ಗದ್ದೆಯಲ್ಲಿ ಕೊನೆಯಾಗುತ್ತದೆ. ಕೊನೆಯ ಗದ್ದೆ ಅಂದರೆ ಎಲ್ಲರೂ ಉಂಡ ಮೇಲೆ ಉಳಿದದ್ದು. ಮೂರು ವರ್ಷದಿಂದ ಉಳಿದದ್ದೂ ಬರುತ್ತಿರಲಿಲ್ಲ. ಹೂಳು ತುಂಬಿ, ಜೊಂಡು ಬೆಳೆದು, ನೀರು ಅರ್ಧ ದಾರಿಯಲ್ಲೇ ಇಂಗುತ್ತಿತ್ತು. ಇದನ್ನು ನಾನು ಫೋನಿನಲ್ಲಿ ಮಗಳ ಹತ್ತಿರ ಬೈಯುತ್ತಿದ್ದೆ. ಚೈತ್ರಾ ಅತ್ತಲಿಂದ ಫೋನು ಕಿತ್ತುಕೊಂಡು, "ಅಜ್ಜಿ, ಆ ಕಾಲುವೆ ಎಷ್ಟು ಉದ್ದ ಐತೆ?" ಅಂದಳು. ವಾರ ಕಳೆಯುವಷ್ಟರಲ್ಲಿ ಬ್ಯಾಗು ತೆಗೆದುಕೊಂಡು ಬಂದಿಳಿದಳು.

ಮಳೆ ಆಗಷ್ಟೇ ಹಿಡಿದಿತ್ತು. ನಮ್ಮ ಕಡೆಯ ಮಳೆ ಸೊರಬದ ಮಳೆಯ ಹಾಗಲ್ಲ. ಬೆಳಿಗ್ಗೆ ಜಿನುಗುತ್ತದೆ, ಹನ್ನೊಂದಕ್ಕೆ ಬಿಸಿಲು, ಸಂಜೆಗೆ ಮತ್ತೆ ಮೋಡ. ಅವಳು ಪಡಸಾಲೆಯ ಗೋಡೆಗೆ ನಾಲ್ಕು ಖಾಕಿ ಹಾಳೆ ಅಂಟಿಸಿ, ಮಾರ್ಕರಿನಿಂದ ಗೆರೆ ಎಳೆದಳು. ನನ್ನ ಸೊಸೆ ಬಾಗಿಲಿಗೆ ಬಂದು, "ಅತ್ತೆ, ಮೊನ್ನೆ ಸುಣ್ಣ ಹೊಡೆಸಿದ ಗೋಡೆ ಅದು" ಅಂದಳು. "ಹೊಡೆಸಿದ್ದು ನಾನೇ, ಬಿಡು" ಅಂದೆ. ಆ ಹಾಳೆಗಳಲ್ಲಿ ಏನು ಬರುತ್ತದೆ ಅಂತ ನೋಡುವ ಆಸೆ ನನಗೇ ಹೆಚ್ಚಾಗಿತ್ತು.

ಅವಳ ಪಾಠ ಫೋನಿನಲ್ಲೂ ನಡೆಯುತ್ತಿತ್ತು. ಹಾಲಿನ ತಪ್ಪಲೆಗೆ ಫೋನು ಆನಿಸಿ ಇಟ್ಟು ಬರೆದುಕೊಳ್ಳುತ್ತಿದ್ದಳು. ನಾನು ಈರುಳ್ಳಿಯೋ ಬೆಳ್ಳುಳ್ಳಿಯೋ ಸುಲಿಯುತ್ತಾ ಕೂರುತ್ತಿದ್ದೆ. ಮೇಷ್ಟ್ರು ಅರ್ಧ ಇಂಗ್ಲಿಷು ಅರ್ಧ ಕನ್ನಡದಲ್ಲಿ ಹೇಳುತ್ತಿದ್ದರು. ಪಾಠ ಮುಗಿದ ಮೇಲೆ ಅರ್ಥವಾಗದ ಮಾತುಗಳನ್ನು ಒಂದೊಂದಾಗಿ ಕೇಳುತ್ತಿದ್ದೆ. ಸ್ಕೋಪ್ ಅಂದರೆ ಏನು ಮಾಡುತ್ತೇವೆ, ಏನು ಮಾಡುವುದಿಲ್ಲ ಅನ್ನುವುದನ್ನು ಮೊದಲೇ ಬರೆದಿಡುವುದಂತೆ. ಮಾಡುವುದಿಲ್ಲ ಅನ್ನುವುದನ್ನೂ ಬರೆಯುತ್ತಾರೆ ಅನ್ನುವುದು ನನಗೆ ಬಹಳ ಹಿಡಿಸಿತು. ಮಾರನೆಯ ದಿನವೇ ಸೊಸೆಗೆ, "ಈ ಸಲ ಪಂಚಮಿಗೆ ತಂಬಿಟ್ಟು, ಎಳ್ಳುಂಡೆ ಮಾಡ್ತೀನಿ. ಚಕ್ಕುಲಿ ಮಾಡಲ್ಲ. ಈಗ್ಲೇ ಹೇಳಿದ್ದೀನಿ" ಅಂದೆ.

ಇನ್ನೊಂದು ದಿನ ಕ್ರಿಟಿಕಲ್ ಪಾತ್ ಅಂತ ಬಂತು. ಗೋಡೆಯ ಮೇಲೆ ಬಾಣದ ಗುರುತು ಹಾಕಿ ಹಾಕಿ ತೋರಿಸಿದಳು. ನಾನು ಸ್ವಲ್ಪ ಹೊತ್ತು ನೋಡಿ ಹೇಳಿದೆ.

"ಇದು ಹೋಳಿಗೆ ಮಾಡಿದಂಗೆ ಬಿಡು. ಬೇಳೆ ಬೇಯೋತನಕ ಹೂರಣ ಇಲ್ಲ. ಹೂರಣ ಆರೋತನಕ ಹೋಳಿಗೆ ಇಲ್ಲ. ಅಲ್ಲಿ ತಡ ಆದ್ರೆ ಊಟಾನೇ ತಡ. ಕಣಕ ಹಂಗಲ್ಲ. ಅದನ್ನ ಬೆಳಿಗ್ಗೆ ನಾದಿದ್ರೂ ಆತು, ಆಮೇಲೆ ನಾದಿದ್ರೂ ಆತು."

ಅವಳು ಮಾರ್ಕರು ಹಿಡಿದುಕೊಂಡು ಹಾಗೇ ನಿಂತಳು. "ಅಜ್ಜಿ, ಆ ಕಣಕಕ್ಕೆ ಸಿಗೋ ಬಿಡುವಿಗೆ ಫ್ಲೋಟ್ ಅಂತಾರೆ. ನಮ್ಮ ಕ್ಲಾಸಲ್ಲಿ ಇದು ಅರ್ಥ ಆಗೋಕೆ ಮೂರು ವಾರ ಬೇಕಾತು."

"ನಿಮ್ಮ ಕ್ಲಾಸಲ್ಲಿ ಯಾರೂ ಹೋಳಿಗೆ ಮಾಡಲ್ಲ, ಅದಕ್ಕೆ" ಅಂದೆ. ಖುಷಿಯಾಗಿತ್ತು, ಇಲ್ಲ ಅನ್ನುವುದಿಲ್ಲ. ಈ ಖುಷಿಯೇ ಮುಂದೆ ಕೆಲಸ ಕೆಡಿಸಿತು. ನನಗೆ ಎಲ್ಲ ಗೊತ್ತು ಅಂತ ಅವಳು ನಂಬಿದಳು, ಅವಳಿಗಿಂತ ಮೊದಲು ನಾನು ನಂಬಿದೆ.

ಅವಳ ಹಾಳೆಗಳಲ್ಲಿ ನನಗೆ ಬಹಳ ಬೇಕಾದದ್ದು ಅಪಾಯಗಳ ಪಟ್ಟಿ. ಏನೇನು ಕೆಡಬಹುದು ಅಂತ ಎಡಗಡೆ ಬರೆದು, ಬಲಗಡೆ ಒಂದೊಂದಕ್ಕೂ ಒಬ್ಬರ ಹೆಸರು ಬರೆಯುತ್ತಿದ್ದಳು.

"ಇವರು ಯಾರು, ಕೆಡಿಸೋರಾ?"

"ಅಲ್ಲ ಅಜ್ಜಿ. ಆ ಅಪಾಯದ ಯಜಮಾನರು. ಅದನ್ನ ಗಮನಿಸೋದು, ಬಂದ್ರೆ ಎದುರಿಸೋದು ಅವರ ಜವಾಬ್ದಾರಿ. ಯಜಮಾನ ಇಲ್ಲದ ಅಪಾಯಾನ ಯಾರೂ ನೋಡಲ್ಲ."

ಹೊಲಕ್ಕೆ ಯಜಮಾನ ಇರುವುದು ಗೊತ್ತು, ಮನೆಗೆ ಗೊತ್ತು. ಅಪಾಯಕ್ಕೂ ಒಬ್ಬ ಯಜಮಾನ ಅನ್ನುವುದನ್ನು ಅವತ್ತೇ ಕೇಳಿದ್ದು. ರಾತ್ರಿ ಊಟಕ್ಕೆ ಕೂತಾಗಲೂ ಅದನ್ನೇ ಯೋಚಿಸಿದೆ. ಮಳೆ ಬಂದರೆ ಚೈತ್ರಾ, ಜನ ಬರದಿದ್ದರೆ ನನ್ನ ಮಗ ಮಹೇಶ, ನೀರು ಬಿಡುವ ದಿನ ಬದಲಾದರೆ ನೀರುಗಂಟಿ ರುದ್ರಪ್ಪ. ಕಾಲುವೆಯ ತೂಬು ತೆಗೆಯುವುದು, ಮುಚ್ಚುವುದು ರುದ್ರಪ್ಪನ ಕೆಲಸ. ನನ್ನ ಹೆಸರು ಯಾವುದರ ಎದುರಿಗೂ ಇರಲಿಲ್ಲ. "ನಂಗೂ ಒಂದು ಕೊಡೇ" ಅಂದೆ. "ನೀನು ಎಲ್ಲದಕ್ಕೂ ಸಲಹೆಗಾರ್ತಿ" ಅಂದಳು.

ಸಲಹೆ ಕೊಟ್ಟೆ. ಒಂದು ಒಳ್ಳೆಯದನ್ನೇ ಕೊಟ್ಟೆ. ಅವಳು ಕೆಲಸವನ್ನು ಮೇಲಿನಿಂದ, ಅಂದರೆ ದೊಡ್ಡ ಕಾಲುವೆಯ ಕಡೆಯಿಂದ ಶುರು ಮಾಡುವ ಯೋಚನೆಯಲ್ಲಿದ್ದಳು. ನೀರು ಹರಿಯುವುದೇ ಹಾಗಲ್ಲವೇ ಅನ್ನುವ ಲೆಕ್ಕ. ನಾನು ಬೇಡ ಅಂದೆ. ಮೇಲಿನವರು ತಮ್ಮ ಪಾಲು ಮುಗಿದ ಕೂಡಲೇ ಸಲಿಕೆ ಹೆಗಲಿಗೆ ಹಾಕಿ ಮನೆಗೆ ನಡೆಯುತ್ತಾರೆ, ಕೆಳಗಿನವರ ಗೊಡವೆ ಅವರಿಗೆ ಬೇಕಿಲ್ಲ. ಕೆಳಗಿನಿಂದ ಶುರು ಮಾಡಿದರೆ ತಮ್ಮ ಪಾಲು ಬರುವವರೆಗೆ ಅವರು ಇರಲೇಬೇಕು. ಅವಳು ಗೋಡೆಯ ಹಾಳೆಯೊಂದನ್ನು ಕಿತ್ತು ಹೊಸದಾಗಿ ಬರೆದಳು.

ಇನ್ನು ನಮ್ಮ ಊರಿನ ಎರಡು ರೂಢಿ ಹೇಳಬೇಕು. ಇಂಥ ಸಾಮೂಹಿಕ ಕೆಲಸಕ್ಕೆ ಮನೆಮನೆಗೆ ಹೋಗಿ ಹೊಸ್ತಿಲ ಹೊರಗೆ ನಿಂತು ಕರೆಯಬೇಕು. ಮನೆಯವರು ಬೆಲ್ಲ ನೀರು ಕೊಡುತ್ತಾರೆ, ಕುಡಿದು ಬರಬೇಕು. ಫೋನು ಮಾಡಿದರೆ, ಇನ್ನೊಬ್ಬರ ಬಾಯಲ್ಲಿ ಹೇಳಿ ಕಳಿಸಿದರೆ ಅದು ಕರೆದಂತಲ್ಲ. ಎರಡನೆಯದು, ಒಬ್ಬರ ಬದುವಿಗೆ ಇನ್ನೊಬ್ಬರು ಸಲಿಕೆ ಹಾಕುವುದಿಲ್ಲ. ಆ ಮನೆಯ ಒಬ್ಬರು ಅಲ್ಲಿ ನಿಂತಿರಬೇಕು. ಬದು ಒಂದು ಗೇಣು ಸರಿದರೆ ಸರ್ವೆಯವರು ಬರುವವರೆಗೆ ಜಗಳ, ಅದಕ್ಕೇ ಈ ರೂಢಿ.

ಕರೆಯಬೇಕಾದ ಮನೆಗಳ ಪಟ್ಟಿಯನ್ನು ಚೈತ್ರಾ ಪಹಣಿ ತೆಗೆಸಿ ಮಾಡಿದಳು. ಒಂದು ಸಂಜೆ ನನ್ನ ಮುಂದೆ ಕೂತು ಒಂದೊಂದೇ ಹೆಸರು ಓದಿದಳು. ನಾನು ಮನೆ ಹೇಳುತ್ತಾ ಹೋದೆ. ಯಾರು ಮೊದಲ ಮಾತಿಗೇ ಬರುತ್ತಾರೆ, ಯಾರನ್ನು ಹೊಗಳಬೇಕು, ಯಾರ ಹೆಂಡತಿಗೆ ಹೇಳಿದರೆ ಸಾಕು, ಎಲ್ಲ ಹೇಳಿದೆ. ಆಮೇಲೆ ಅವಳು ಒಂದು ಹೆಸರಿನ ಮೇಲೆ ಬೆರಳಿಟ್ಟಳು.

"ಈ ಚೆನ್ನಬಸಪ್ಪ ಯಾರು ಅಜ್ಜಿ? ಕಾಲುವೆ ತಿರುವಲ್ಲಿ, ಪೈಪು ಮೋರಿ ಹತ್ರ."

"ಅವನು ಸತ್ತು ಎಷ್ಟೋ ವರ್ಷ ಆತು" ಅಂದೆ.

ಅದು ಸುಳ್ಳಲ್ಲ. ಚೆನ್ನಬಸಪ್ಪ ಸತ್ತಿದ್ದ. ಅವನ ಮಗನೂ ಸತ್ತಿದ್ದ. ಪಹಣಿ ಮಾತ್ರ ಅವನ ಹೆಸರಿನಲ್ಲೇ ಉಳಿದಿತ್ತು, ನಮ್ಮ ಕಡೆ ಅರ್ಧ ಹೊಲಗಳು ಹೀಗೇ ಇವೆ. ಹೊಲ ನೋಡಿಕೊಳ್ಳುತ್ತಿದ್ದವಳು ಅವನ ಸೊಸೆ ಹಾಲಮ್ಮ. ಅದನ್ನು ನಾನು ಹೇಳಲಿಲ್ಲ. ಚೈತ್ರಾ ಆ ಹೆಸರಿನ ಮೇಲೆ ಒಂದು ಗೆರೆ ಎಳೆದು ಮುಂದಿನದಕ್ಕೆ ಹೋದಳು.

ಹಾಲಮ್ಮನಿಗೂ ನನಗೂ ಒಂಬತ್ತು ವರ್ಷದಿಂದ ಮಾತಿರಲಿಲ್ಲ. ಅದಕ್ಕೆ ಮೊದಲು ಅವಳು ನನ್ನನ್ನು ಅಕ್ಕ, ನನ್ನ ಯಜಮಾನರನ್ನು ಅಣ್ಣಾರು ಅನ್ನುತ್ತಿದ್ದಳು, ಇಬ್ಬರೂ ಒಟ್ಟಿಗೆ ನಾಟಿಗೆ ಹೋಗುತ್ತಿದ್ದೆವು. ನನ್ನ ಯಜಮಾನರು ತೀರಿಕೊಂಡಾಗ ಶಿವಗಣಾರಾಧನೆಯ ಊಟಕ್ಕೆ ಅವಳ ಮನೆಗೆ ಪಕ್ಕದ ಮನೆಯವರ ಕೈಲಿ ಹೇಳಿ ಕಳಿಸಿದ್ದೆ. ಮನೆ ತುಂಬ ಜನ, ಯಾರನ್ನು ಕಳಿಸುವುದು. ಅವಳು ಬರಲಿಲ್ಲ. ಬಾಗಿಲಿಗೆ ಬಂದು ಕರೆಯಲಿಲ್ಲ ಅಂದಳಂತೆ. ಸತ್ತವರ ಊಟಕ್ಕೂ ಬಾರದವಳು ಅಂತ ನಾನು ನಲ್ಲಿಯ ಹತ್ತಿರ ನಾಲ್ಕು ಜನ ಕೇಳುವಂತೆ ಅಂದೆ. ಅಷ್ಟಕ್ಕೇ ನಿಂತಿತು. ಇಬ್ಬರಲ್ಲಿ ಯಾರು ಸರಿ ಅಂತ ನಾನು ಈಗ ವಾದಿಸುವುದಿಲ್ಲ. ಪಟ್ಟಿಯಲ್ಲಿ ಅವಳ ಹೆಸರು ಬಂದರೆ ಅವಳ ಹೊಸ್ತಿಲ ಮುಂದೆ ನಿಲ್ಲಬೇಕಾದವಳು ನಾನು. ನನಗೆ ನಿಲ್ಲುವುದು ಬೇಕಿರಲಿಲ್ಲ.

ಕರೆಯಲು ಎರಡು ದಿನ ಓಡಾಡಿದೆವು. ಕೊಡೆ ಒಂದೇ, ಇಬ್ಬರ ಒಂದೊಂದು ಭುಜ ಒದ್ದೆ. ಜನ ಚೈತ್ರಾಳನ್ನು ಕಾಡಿದರು. "ಹೂಳು ಎತ್ತೋಕೂ ಡಿಗ್ರಿ ಬಂತೇನವ್ವ? ನಾವೆಲ್ಲ ಹಂಗಾರೆ ಡಾಕ್ಟ್ರು ಆಗಿರಬೇಕಿತ್ತು" ಅಂತ ಒಬ್ಬ. "ಎತ್ತಿ ತೋರಿಸ್ರಿ ಕಾಕಾ, ನಮ್ಮ ಮೇಷ್ಟ್ರಿಗೆ ಹೇಳಿ ನಿಮಗೂ ಒಂದು ಕೊಡಿಸ್ತೀನಿ" ಅಂತ ಇವಳು. ಆಂಜನೇಯನ ಗುಡಿಯ ಹಿಂದಿನ ಓಣಿಯ ಬಾಯಿಗೆ ಬಂದಾಗ, "ಈ ಕಡೆ ಯಾರೂ ಇಲ್ವಾ?" ಅಂದಳು. ಹಾಲಮ್ಮನ ಮನೆ ಆ ಓಣಿಯಲ್ಲೇ. "ಕಾಲು ನೋಯ್ತದೆ, ಮನೆಗೆ ಹೋಗಾಣ ನಡಿ" ಅಂದೆ. ಕಾಲು ನೋಯುತ್ತಿದ್ದುದೂ ನಿಜವೇ.

ಕೆಲಸ ಭಾನುವಾರ ಶುರುವಾಯಿತು. ಗುರುವಾರ ನೀರು ಬಿಡುವುದಿತ್ತು. ಶುಕ್ರವಾರ ಸಂಜೆಗೆ ಕೊನೆಯ ಗದ್ದೆಗೆ ನೀರು ಅಂತ ಚೈತ್ರಾ ಕಾಲೇಜಿಗೆ ಬರೆದುಕೊಟ್ಟಿದ್ದಳು. ಮೇಷ್ಟ್ರು ಅವತ್ತು ಸಂಜೆ ಬರುವವರು. ಒಂದು ದಿನದ ಕೆಲಸ, ಎರಡು ದಿನ ಬಿಡುವು ಇಟ್ಟಿದ್ದೇನೆ ಅಂದಿದ್ದಳು. ಜೆಸಿಬಿ ಇಳಿಯುವಷ್ಟು ಜಾಗವಿಲ್ಲ, ಎರಡೂ ಕಡೆ ಬೆಳೆ. ಎಲ್ಲ ಕೈಯಲ್ಲೇ ಆಗಬೇಕು. ಜನ ಬಂದರು, ನಿಜಕ್ಕೂ ಬಂದರು. ಗೊಬ್ಬರ ಚೀಲದ ಕೊಪ್ಪೆ ಹಾಕಿಕೊಂಡು, ಕುಡುಗೋಲು ಸಲಿಕೆ ಹಿಡಿದು, ಕೆಳಗಿನಿಂದ ಮೇಲಕ್ಕೆ ಹತ್ತಿದರು. ಅವಲಕ್ಕಿ, ಚಹಾ ನಮ್ಮ ಮನೆಯದು. ಮಧ್ಯಾಹ್ನ ಮಳೆ ಜೋರಾಗಿ ಕೆಲಸ ನಿಂತಿತು. ಸೋಮವಾರ ಮತ್ತೆ ಮಳೆ. ಮುಗಿಯುವಾಗ ಮಂಗಳವಾರ ಸಂಜೆ. ಇಟ್ಟ ಬಿಡುವೆಲ್ಲ ಅಲ್ಲಿಗೆ ಖರ್ಚಾಯಿತು.

ತಿರುವಿನ ಹತ್ತಿರ ಬಂದಾಗ ಜನ ಸುಮ್ಮನೆ ದಾಟಿ ಆಚೆಯ ಬದುವಿಗೆ ಹೋದರು. ನಡುವೆ ಒಂದಿಪ್ಪತ್ತು ಮಾರು ಜೊಂಡು ಹಾಗೇ ನಿಂತಿತ್ತು, ಅದರ ಮಧ್ಯೆ ಪೈಪು.

"ಇದ್ಯಾಕೆ ಬಿಟ್ರಿ?" ಅಂದಳು ಚೈತ್ರಾ.

ಎಲ್ಲರೂ ನನ್ನ ಕಡೆ ನೋಡಿದರು. ನನ್ನ ಜಗಳ ಎಲ್ಲರಿಗೂ ಗೊತ್ತು, ಮೊಮ್ಮಗಳಿಗೂ ಗೊತ್ತಿರುತ್ತದೆ ಅಂತ ಅವರ ಲೆಕ್ಕ. ಇಬ್ಬರು ಹೆಂಗಸರ ನಡುವಿನ ಮಾತಿಗೆ ನಮ್ಮೂರ ಗಂಡಸರು ಬಾಯಿ ಹಾಕುವುದಿಲ್ಲ.

"ಚೆನ್ನಬಸಪ್ಪನ ಪಾಲು ಅದು" ಅಂತ ನೀರುಗಂಟಿ ರುದ್ರಪ್ಪ ಮೆತ್ತಗೆ ಅಂದ.

"ಪೈಪು ದೊಡ್ಡದೈತೆ. ನೀರು ಬಂದ್ರೆ ತಾನೇ ತಳ್ಕೊಂಡು ಹೋಗ್ತದೆ" ಅಂದೆ ನಾನು.

ಚೈತ್ರಾ ಒಂದು ಕ್ಷಣ ನನ್ನನ್ನೇ ನೋಡಿದಳು. ಆಮೇಲೆ ತಲೆಯಾಡಿಸಿದಳು. ಹೋಳಿಗೆಯ ಲೆಕ್ಕ ಹೇಳಿದ ಅಜ್ಜಿ, ಕೆಳಗಿನಿಂದ ಶುರು ಮಾಡಿಸಿದ ಅಜ್ಜಿ, ಇದನ್ನೂ ಸರಿಯಾಗೇ ಹೇಳಿರುತ್ತಾಳೆ ಅಂದುಕೊಂಡಿರಬೇಕು.

ಗುರುವಾರ ಬೆಳಿಗ್ಗೆ ರುದ್ರಪ್ಪ ತೂಬು ಎತ್ತಿದ. ನೀರಿನ ತಲೆಯ ಜೊತೆಗೇ ನಾವೂ ಬದುವಿನ ಮೇಲೆ ನಡೆದೆವು. ಒಣಎಲೆ, ನೊರೆ, ಒಂದು ಹರಿದ ಚಪ್ಪಲಿ ತಳ್ಳಿಕೊಂಡು ನೀರು ಮನುಷ್ಯರು ನಡೆಯುವಷ್ಟೇ ಜೋರಾಗಿ ಬರುತ್ತಿತ್ತು. ಅಷ್ಟು ಚೆನ್ನಾಗಿ ಹರಿದದ್ದನ್ನು ನಾನು ಬಹಳ ವರ್ಷದಿಂದ ನೋಡಿರಲಿಲ್ಲ. ಚೈತ್ರಾ ಫೋನು ಹಿಡಿದು ಚಿತ್ರ ತೆಗೆಯುತ್ತಾ ಹಿಂದೆ ಹಿಂದೆ ನಡೆಯುತ್ತಿದ್ದಳು.

ತಿರುವಿನಲ್ಲಿ ಆ ನೊರೆ ಜೊಂಡಿಗೆ ಮುಟ್ಟಿ ನಿಂತಿತು. ಹರಿಯುತ್ತದೆ ಅಂತ ಕಾದೆವು. ನೀರು ಸುತ್ತಿತು, ಏರಿತು, ಪೈಪಿನ ಬಾಯಿ ಮುಚ್ಚಿತು. ಆಮೇಲೆ ಬದು ಹಾರಿ ಬಲಗಡೆಗೆ ಇಳಿಯಿತು. ಬಲಗಡೆ ಹಾಲಮ್ಮ ಆ ವರ್ಷ ಭತ್ತ ಬಿಟ್ಟು ಮೆಕ್ಕೆಜೋಳ ಹಾಕಿದ್ದಳು. ಅವಳಿಗೆ ಕಾಲುವೆಯ ನೀರೇ ಬೇಕಿರಲಿಲ್ಲ, ಹಾಗಾಗಿ ಅವಳೂ ಹೂಳು ಮುಟ್ಟಿರಲಿಲ್ಲ. ಮೊಣಕಾಲೆತ್ತರದ ಜೋಳ. ಮೆಕ್ಕೆಜೋಳಕ್ಕೆ ಬುಡದಲ್ಲಿ ನೀರು ನಿಂತರೆ ಮುಗಿಯಿತು. ಸಾಲುಗಳ ನಡುವೆ ನೀರು ತಣ್ಣಗೆ ಒಳಗೊಳಗೆ ಹೋಗುತ್ತಿತ್ತು.

ಯಾರು ಹೇಳಿದರೋ, ಹಾಲಮ್ಮ ಓಡಿ ಬಂದಳು. ನನ್ನನ್ನು ನೋಡಲಿಲ್ಲ. ನೇರ ಚೈತ್ರಾಳ ಹತ್ತಿರ ಹೋದಳು.

"ನೀನೇನಾ ಜಡೆ ಹುಡುಗಿ? ನನ್ನ ಹೊಲಕ್ಕೆ ನೀರು ಬಿಟ್ಟೋಳು?"

"ಇದು... ಚೆನ್ನಬಸಪ್ಪನವರ ಹೊಲ ಅಲ್ವಾ ಅಮ್ಮ? ಅವರು ತೀರಿಕೊಂಡಿದ್ದಾರೆ ಅಂತ..."

"ನಮ್ಮ ಮಾವ ತೀರಿಕೊಂಡಾರೆ. ನಾನು ಬದುಕಿದೀನಲ್ಲ. ಊರಿಗೆಲ್ಲ ಕರೆದ್ಯಂತೆ, ನನ್ನ ಬಾಗಿಲಿಗೆ ಯಾಕೆ ಬರಲಿಲ್ಲ?"

"ನಂಗೆ ಗೊತ್ತಿರಲಿಲ್ಲ ಅಮ್ಮ."

"ಶಿವಮ್ಮನವರಿಗೆ ಗೊತ್ತಿತ್ತು. ಕೇಳು ಅವರನ್ನ."

ಅವಳು ನನ್ನನ್ನು ಶಿವಮ್ಮನವರು ಅಂದದ್ದು ಅದೇ ಮೊದಲು. ಚೈತ್ರಾ ನನ್ನ ಕಡೆ ತಿರುಗಿದಳು. ರುದ್ರಪ್ಪನಿಗೆ ಫೋನು ಮಾಡಿ ತೂಬು ಮುಚ್ಚಿಸಿದಳು. ಸೀರೆ ಕಚ್ಚೆ ಹಾಕಿದ್ದ ಹಾಲಮ್ಮನ ಜೊತೆ ಜೋಳದ ಹೊಲಕ್ಕಿಳಿದು, ಕೆಳಬದುವಿನಲ್ಲಿ ಒಂದು ಗಂಡಿ ಕಡಿದು, ನಿಂತ ನೀರು ಹೊರಗೆ ಬಿಟ್ಟಳು. ನಾನು ಮೇಲೆ ನಿಂತಿದ್ದೆ. ನನ್ನನ್ನು ಯಾರೂ ಕರೆಯಲಿಲ್ಲ. ಕರೆಯದೆ ಅವಳ ಬದು ಇಳಿಯುವಂತಿರಲಿಲ್ಲ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಚೈತ್ರಾ ಸ್ನಾನ ಮಾಡಿ ಬಂದು ಪಡಸಾಲೆಯಲ್ಲಿ ಕೂತಳು. ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

"ರುದ್ರಪ್ಪ ಮಾವ ಹೇಳಿದ್ರು, ಪೈಪು ನಾಳೆ ಮಧ್ಯಾಹ್ನದೊಳಗೆ ಬಿಡಿಸಿದ್ರೆ ಸಂಜೆ ಮತ್ತೆ ತೂಬು ಎತ್ತುತ್ತಾರಂತೆ, ಅಲ್ಲಿತನಕ ಬೇರೆ ಕಾಲುವೆ ಪಾಳಿಯಂತೆ" ಅಂದಳು. "ನೀರು ನಮ್ಮ ಗದ್ದೆಗೆ ಬರೋದು ಶನಿವಾರ. ನಾನು ಬರೆದುಕೊಟ್ಟಿದ್ದು ಶುಕ್ರವಾರ."

"ಮೇಷ್ಟ್ರಿಗೆ ಮಳೆ ಅಂತ ಹೇಳು. ಮಳೆ ಬಂದಿದ್ದು ನಿಜ ಅಲ್ವಾ?"

"ಚೆನ್ನಬಸಪ್ಪ ಸತ್ತಿದ್ದೂ ನಿಜಾನೇ ಅಲ್ವಾ ಅಜ್ಜಿ?"

ಮಹೇಶ ಒಳಗಿನಿಂದ ಕೆಮ್ಮಿದ. ಸೊಸೆ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದಳು.

ಚೈತ್ರಾ ಎದ್ದು ಮಾರ್ಕರಿನ ಮುಚ್ಚಳ ತೆಗೆದಳು. ಅಪಾಯಗಳ ಹಾಳೆಯ ಕೊನೆಗೆ ಹೊಸದೊಂದು ಸಾಲು ಬರೆದಳು. ನಾನು ನಿಧಾನಕ್ಕೆ ಕೂಡಿಸಿ ಓದಿಕೊಂಡೆ. "ಕರೆಯದೆ ಬಿಟ್ಟ ಮನೆ." ಅದರ ಎದುರಿಗೆ, ಯಜಮಾನರ ಹೆಸರು ಬರೆಯುವ ಕಡೆ, ಮಾರ್ಕರು ಸ್ವಲ್ಪ ಹೊತ್ತು ಹಾಗೇ ನಿಂತಿತು. ಆಮೇಲೆ ಬರೆದಳು. "ಅಜ್ಜಿ."

"ಕೇಳಿದ್ದೆಯಲ್ಲ, ನಂಗೂ ಒಂದು ಕೊಡು ಅಂತ" ಅಂದಳು.

ಒಂದಿಷ್ಟೂ ಬೈಗುಳವಿಲ್ಲದೆ ಅಂದಳು. ಅರವತ್ತೆಂಟು ವರ್ಷದಲ್ಲಿ ಎಷ್ಟೋ ಜನ ನನ್ನನ್ನು ಬೈದಿದ್ದಾರೆ, ನಾನೂ ಬೈದಿದ್ದೇನೆ. ಅದಕ್ಕೆಲ್ಲ ಉತ್ತರ ಕೊಡಬಹುದು. ಗೋಡೆಯ ಮೇಲೆ ಬರೆದ ಆ ಹೆಸರನ್ನು ಇನ್ನೊಂದು ಸಲ ಕೂಡಿಸಿ ಓದಿಕೊಂಡೆ. ಆ ವಾಸನೆಯಲ್ಲೇ ಮಲಗಿದೆ.

ಆಮೇಲಿನದ್ದನ್ನು ಬೇಗ ಹೇಳಿಬಿಡುತ್ತೇನೆ. ಶುಕ್ರವಾರ ಸಂಜೆ ಮೇಷ್ಟ್ರು ಬಂದಾಗ ನಮ್ಮ ಗದ್ದೆಗೆ ಕಾಲುವೆಯ ನೀರು ಇನ್ನೂ ಬಂದಿರಲಿಲ್ಲ. ಚೈತ್ರಾ ಮಳೆಯ ಮೇಲೆ ಹಾಕಲಿಲ್ಲ. ಆ ಹಾಳೆ ತೋರಿಸಿ, ಆದದ್ದನ್ನು ಆದಂತೆ ಹೇಳಿದಳು. ಅವರು ನನ್ನ ಹೆಸರು ಓದಿ ನನ್ನ ಕಡೆ ನೋಡಿದರು. ನಾನು ಹೌದು ಅಂದೆ. ಅವರು ಶಿಕಾರಿಪುರದಲ್ಲಿ ಉಳಿದು, ಶನಿವಾರ ಬೆಳಿಗ್ಗೆ ಮತ್ತೆ ಬಂದು ನೀರು ನೋಡಿಕೊಂಡು ಹೋದರು. ಒಂದು ದಿನ ತಡವಾದದ್ದಕ್ಕೆ ಅಂಕ ಕಡಿಮೆ ಬಂತು. ಫೇಲಾಗಲಿಲ್ಲ. ಹಾನಗಲ್ಲಿನವರು ಬೇರೆ ಕಡೆ ನೋಡಿಕೊಂಡರು. ಹಾಲಮ್ಮನ ನಾಲ್ಕು ಸಾಲು ಜೋಳ ಹಳದಿಯಾಗಿ ಹೋಯಿತು, ಉಳಿದದ್ದು ಚೇತರಿಸಿಕೊಂಡಿತು. ಚೈತ್ರಾ ಈಗ ಸೊರಬ ತಾಲ್ಲೂಕಿನಲ್ಲೇ ಹಳ್ಳಿಗಳಿಗೆ ಕುಡಿಯುವ ನೀರಿನ ಪೈಪು ಹಾಕಿಸುವ ಕೆಲಸದಲ್ಲಿದ್ದಾಳೆ. ಪಟ್ಟಿಯಲ್ಲಿ ಸತ್ತವರ ಹೆಸರು ಬಂದರೆ, ಈಗ ಹೊಲ ಉಳುತ್ತಿರುವವರು ಯಾರು ಅಂತ ಮೂರು ಮನೆಯಲ್ಲಿ ಕೇಳುತ್ತಾಳಂತೆ. ಅವತ್ತು ಒಂದೇ ಮನೆಯಲ್ಲಿ, ನನ್ನ ಹತ್ತಿರ ಮಾತ್ರ ಕೇಳಿದ್ದಳು.

ನಾನು ಹೇಳಬೇಕಾದದ್ದು ಆ ಶುಕ್ರವಾರದ ಬೆಳಿಗ್ಗೆ.

ಬೆಳಕು ಹರಿಯುತ್ತಿದ್ದ ಹಾಗೆ ಎದ್ದೆ. ಪುಷ್ಯ ಮಳೆ ಸಣ್ಣಗೆ ಹಿಡಿದಿತ್ತು. ಹಟ್ಟಿಯ ಮೂಲೆಯಿಂದ ಸಲಿಕೆ, ಒಂದು ಬುಟ್ಟಿ ತೆಗೆದುಕೊಂಡೆ. ಯಾರನ್ನೂ ಎಬ್ಬಿಸಲಿಲ್ಲ. ಗುಡಿಯ ಹಿಂದಿನ ಓಣಿಗೆ ಹೋಗಿ ಹಾಲಮ್ಮನ ಹೊಸ್ತಿಲ ಹೊರಗೆ ನಿಂತೆ. ಅವಳು ಅಂಗಳಕ್ಕೆ ನೀರು ಹಾಕಿ ಒಳಗೆ ಹೋಗುವವಳಿದ್ದಳು.

"ಹಾಲವ್ವ, ಕರೆಯೋಕೆ ಬಂದೀನಿ" ಅಂದೆ.

ಅವಳು ತಿರುಗಿ ನೋಡಿದಳು. ಸಲಿಕೆ ನೋಡಿದಳು, ಬುಟ್ಟಿ ನೋಡಿದಳು.

"ಯಾವುದಕ್ಕೆ ಕರೆಯೋಕೆ ಬಂದೀರಿ? ಕಾಲುವೆಗಾ, ಅಣ್ಣಾರ ಊಟಕ್ಕಾ?"

"ಎರಡಕ್ಕೂ."

"ಊಟ ಆರಿ ಒಂಬತ್ತು ವರ್ಷ ಆತು."

"ಹೌದು. ತಡ ಆತು."

ಅವಳು ಒಳಗೆ ಹೋದಳು. ಬಾಗಿಲು ಹಾಕಲಿಲ್ಲ. ನಾನು ನಿಂತೇ ಇದ್ದೆ. ಎದುರುಮನೆಯವರು ಹಲ್ಲುಜ್ಜುತ್ತಾ ಹೊರಗೆ ಬಂದು ನನ್ನನ್ನು ನೋಡಿ ಉಜ್ಜುವುದನ್ನು ಮರೆತರು. ಹೋಗಲೋ ನಿಲ್ಲಲೋ ಅನ್ನುವಷ್ಟು ಹೊತ್ತಾದ ಮೇಲೆ ಅವಳು ಬಂದಳು. ಒಂದು ಕೈಯಲ್ಲಿ ಬೆಲ್ಲದ ಅಚ್ಚಿನ ಚೂರು, ಇನ್ನೊಂದರಲ್ಲಿ ತಂಬಿಗೆ. ಕೊಟ್ಟಳು. ಬೆಲ್ಲ ಬಾಯಿಗೆ ಹಾಕಿಕೊಂಡು ನೀರು ಕುಡಿದೆ. ಅವಳು ಸೆರಗು ಸಿಕ್ಕಿಸಿ, ಕೊಪ್ಪೆ ಹಾಕಿಕೊಂಡು ನನ್ನ ಮುಂದೆ ನಡೆದಳು.

ತಿರುವಿಗೆ ಬಂದು ಅವಳು ತನ್ನ ಬದುವಿನ ಮೇಲೆ ನಿಂತಳು. ನಾನು ಸೀರೆ ಎತ್ತಿ ಕಟ್ಟಿ ಕಾಲುವೆಗೆ ಇಳಿದೆ. ಮೊಣಕಾಲವರೆಗೆ ಕೆಸರು. ಪೈಪಿನ ಬಾಯಿಗೆ ಕೈ ಹಾಕಿ ಜೊಂಡಿನ ಬೇರು ಎಳೆದೆ, ಬುಟ್ಟಿ ತುಂಬಿದೆ, ಹೊತ್ತು ಮೇಲೆ ತಂದು ಬದುವಿನ ಎಡಗಡೆ ಸುರಿಯಲು ಹೋದೆ.

"ಅಲ್ಲಲ್ಲ ಅಕ್ಕ, ಇಲ್ಲಿ ಹಾಕು" ಅಂದಳು ಹಾಲಮ್ಮ.

ಅವಳು ತೋರಿಸಿದಲ್ಲಿ ಹಾಕಿದೆ.